ಮೊದಲನೇ ಪುಟದ ಜಿಪ್ಪಣ್ಣ

ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿರುವಾಗ ಮನುಷ್ಯ ಫೋನು ಮುಟ್ಟಬಾರದು. ಮುಟ್ಟಿದರೂ ಖುಷಿಯಿಂದ ಕೂಗಬಾರದು. ಜಿಪ್ಪಣ್ಣ ಎರಡನ್ನೂ ಮಾಡಿದ. ಅವತ್ತಿನ ಅವನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

"ಲೇ, ಬಾರೇ ಇಲ್ಲಿ! ಇವತ್ತೂ ನಾವೇ ಫಸ್ಟು!"

ಕನ್ನಡಿಯ ಮೇಲೆಲ್ಲ ನೊರೆ ಸಿಡಿಯಿತು. ಅಡುಗೆಮನೆಯಿಂದ ಬಂದ ಹೆಂಡತಿ ಗಂಡನ ಮುಖ ನೋಡಲಿಲ್ಲ, ಕನ್ನಡಿಯನ್ನು ನೋಡಿದಳು. ಅದನ್ನು ಒರೆಸಬೇಕಾದವಳು ಅವಳೇ.

ಜಿಪ್ಪಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹದಿನೆಂಟು ವರ್ಷದಿಂದ ಸೂಟ್‌ಕೇಸು, ಬ್ಯಾಗುಗಳ ಜಿಪ್ಪು, ಚಕ್ರ, ಹಿಡಿ ರಿಪೇರಿ ಮಾಡಿಕೊಂಡಿದ್ದವನಿಗೆ ಬೀದಿಯ ಜನ ಕೊಟ್ಟ ಬಿರುದು. ಹನ್ನೊಂದು ತಿಂಗಳ ಹಿಂದೆ ಅವನ ತಲೆಯೊಳಗೆ ಒಂದು ಹುಳ ಹೊಕ್ಕಿತ್ತು. ಯಾರಾದರೂ ಇಂಟರ್ನೆಟ್‌ನಲ್ಲಿ "ಸೂಟ್‌ಕೇಸ್ ರಿಪೇರಿ" ಎಂದು ಹುಡುಕಿದರೆ ತನ್ನ ಅಂಗಡಿಯೇ ಎಲ್ಲರಿಗಿಂತ ಮೇಲೆ ಕಾಣಬೇಕು. ಹಾಗೆ ಮೇಲಕ್ಕೆ ತರುವ ಕೆಲಸಕ್ಕೆ ಎಸ್‌ಇಒ ಎನ್ನುತ್ತಾರಂತೆ. ಅದಕ್ಕೆಂದೇ ಒಬ್ಬ ಮಹಾಶಯನನ್ನು ಗೊತ್ತು ಮಾಡಿಕೊಂಡಿದ್ದ. ಆ ಕೆಲಸ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಜಿಪ್ಪಣ್ಣ ಕಂಡುಕೊಂಡ ಉಪಾಯ ಇದೇ: ಬೆಳಿಗ್ಗೆ ಎದ್ದು ತನ್ನ ಫೋನಿನಲ್ಲಿ ತನ್ನನ್ನು ತಾನೇ ಹುಡುಕುವುದು, ಸಿಕ್ಕಿದ ಕೂಡಲೇ ತನ್ನನ್ನು ತಾನೇ ಒತ್ತುವುದು.

"ಅಲ್ಲಾ ರೀ," ಎಂದಳು ಹೆಂಡತಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ದಿನಾ ಅದನ್ನೇ ಹುಡುಕ್ತೀರ, ದಿನಾ ಅದನ್ನೇ ಒತ್ತುತ್ತೀರ. ನಿಮ್ಮ ಫೋನಿಗೆ ನಿಮ್ಮ ಚಾಳಿ ಗೊತ್ತಾಗಿದೆ. ಪಾಪ, ಅದಕ್ಕೂ ಸಾಕಾಗಿ ಮೊದಲೇ ತಂದು ಮುಂದೆ ಇಡುತ್ತೆ. ನನ್ನ ಫೋನಲ್ಲಿ ನೋಡಿ."

ಅವಳ ಫೋನಿನಲ್ಲಿ ಮೊದಲನೇ ಪುಟದಲ್ಲಿ ಜಿಪ್ಪಣ್ಣ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮೂರು, ನಾಲ್ಕು, ಐದು ದಾಟಿ ಆರನೇ ಪುಟಕ್ಕೆ ಹೋದಾಗ, ಸೂಟ್‌ಕೇಸಿನೊಳಗೆ ಬೆಕ್ಕು ಮರಿ ಹಾಕಿದ ಸುದ್ದಿಯ ಕೆಳಗೆ, ಅಂಗಡಿಯ ಹೆಸರು ಮುದುಡಿಕೊಂಡು ಕೂತಿತ್ತು. ಜಿಪ್ಪಣ್ಣನ ಬಾಯಲ್ಲಿದ್ದ ನೊರೆ ಗಂಟಲಿಗೆ ಇಳಿಯಿತು.

ಹೆಂಡತಿಗೆ ಗಂಡನ ಮೇಲೆ ದ್ವೇಷವೇನೂ ಇರಲಿಲ್ಲ. ಆದರೆ ಬೆಳಿಗ್ಗೆ ಏಳೂವರೆಗೆ ಅಣ್ಣನಿಗೆ ಫೋನು ಮಾಡುವುದು ಅವಳ ಅಭ್ಯಾಸ, ಅವತ್ತು ಹೇಳಲು ಬೇರೆ ಸುದ್ದಿ ಇರಲಿಲ್ಲ.

ಈ ಅಣ್ಣ, ಅಂದರೆ ಜಿಪ್ಪಣ್ಣನ ಭಾವ, ಒಂದು ಕಾರ್ಖಾನೆಯಲ್ಲಿ ಮೂವತ್ನಾಲ್ಕು ವರ್ಷ ಸ್ಟೋರ್ ಕೀಪರ್ ಆಗಿದ್ದವರು. ಅವರ ಕಾಲದಲ್ಲಿ ಮೂರು ಸಹಿ ಇಲ್ಲದೆ ಒಂದು ಸ್ಕ್ರೂ ಕೂಡ ಹೊರಗೆ ಹೋಗುತ್ತಿರಲಿಲ್ಲ. ನಿವೃತ್ತರಾಗಿ ಎಂಟು ತಿಂಗಳಾಗಿತ್ತು. ನಿವೃತ್ತನಾದ ಗಂಡಸಿಗೆ ಮನೆಯಲ್ಲಿ ಕುರ್ಚಿ ಎಷ್ಟಿದ್ದರೂ ಕೂರಲು ಜಾಗವಿರುವುದಿಲ್ಲ. ಹೆಂಡತಿ ಕಸ ಗುಡಿಸುತ್ತ ಅವರನ್ನೂ ಒಂದು ಕೋಣೆಯಿಂದ ಇನ್ನೊಂದಕ್ಕೆ ಗುಡಿಸುತ್ತಿದ್ದರು. ಅಂಗಡಿ ಇದ್ದದ್ದು ಭಾವನ ಕಟ್ಟಡದಲ್ಲಿ. ಅಲ್ಲಿ ಗಲ್ಲಾದ ಹಿಂದೆ, ಫ್ಯಾನಿನ ನೇರ ಕೆಳಗೆ, ಇಡೀ ಬೀದಿ ಕಾಣುವಂತೆ ಒಂದು ತಿರುಗುವ ಕುರ್ಚಿ ಇತ್ತು. ಅದರ ಮೇಲೆ ಭಾವನವರ ಕಣ್ಣು ಬಿದ್ದು ಎಂಟು ತಿಂಗಳಾಗಿತ್ತು.

ಏಳು ಮುಕ್ಕಾಲಿಗೆ ಫೋನು ಬಂತು.

"ನೋಡಪ್ಪಾ, ನಾನು ಜಗಳ ಆಡೋನಲ್ಲ," ಎಂದರು ಭಾವ. ಜಗಳ ಆಡುವವರೆಲ್ಲ ಹಾಗೆಯೇ ಶುರು ಮಾಡುವುದು. "ನಾನು ಬೇಡ ಅಂದ್ರೂ ಕೇಳದೆ ದುಡ್ಡನ್ನ ಅದ್ಯಾವುದೋ ಎಸ್‌ಇಒಗೆ ಕೊಟ್ಟೆ. ಇವತ್ತು ಸಂಜೆ ಆರಕ್ಕೆ ಅಂಗಡಿಗೆ ಬರ್ತೀನಿ. ಇಂಟರ್ನೆಟ್ ನೋಡಿ ಬಂದ ಒಬ್ಬನೇ ಒಬ್ಬ ಮನುಷ್ಯನ್ನ ನನಗೆ ತೋರಿಸು. ಸಾಕು, ಇನ್ನು ಬಾಯಿ ಬಿಡಲ್ಲ."

"ತೋರಿಸದೇ ಇದ್ರೆ ಭಾವಾ?"

"ವ್ಯವಹಾರ ಗೊತ್ತಿರೋರು ಗಲ್ಲಾದಲ್ಲಿ ಕೂರ್ತಾರೆ. ರಿಪೇರಿ ಗೊತ್ತಿರೋರು ಒಳಗೆ ಕೂತು ರಿಪೇರಿ ಮಾಡ್ತಾರೆ."

ಒಳಗೆ ಅಂದರೆ ಹಿಂದಿನ ಕೋಣೆ. ಕಿಟಕಿಯಿಲ್ಲ, ಫ್ಯಾನಿಲ್ಲ, ಯಾರೂ ವಾಪಸು ಒಯ್ಯದ ಹಳೇ ಸೂಟ್‌ಕೇಸುಗಳು ಮಾಡಿನವರೆಗೆ. ಜಿಪ್ಪಣ್ಣನಿಗೆ ಆ ಕುರ್ಚಿಯೆಂದರೆ ಜೀವ. ಮನೆಯಲ್ಲಿ ಅವನ ಮಾತು ಕೇಳುವವರಿಲ್ಲ, ಮದುವೆಮನೆಯಲ್ಲಿ ಅವನನ್ನು ಮಾತಾಡಿಸುವವರಿಲ್ಲ; ಆ ಕುರ್ಚಿಯಲ್ಲಿ ಕೂತಾಗ ಮಾತ್ರ ನಾಲ್ಕು ಜನ ಅವನನ್ನು "ಯಜಮಾನ್ರೇ" ಎನ್ನುತ್ತಿದ್ದರು.

ಅಂಗಡಿಯ ಬಾಗಿಲು ತೆಗೆದವನೇ ಎಸ್‌ಇಒ ಮಹಾಶಯನಿಗೆ ಫೋನು ಹಚ್ಚಿದ. ಮಹಾಶಯನ ದನಿ ಜೇನಿನಲ್ಲಿ ಅದ್ದಿ ತೆಗೆದಂತಿತ್ತು.

"ಸಾರ್, ವರದಿ ಕಳಿಸಿದೀನಲ್ಲ ಸಾರ್? ಇಪ್ಪತ್ತೆರಡು ಪುಟ!"

ವರದಿಯನ್ನು ಜಿಪ್ಪಣ್ಣ ನೋಡಿದ್ದ. ಎಲ್ಲ ಪುಟದಲ್ಲೂ ಹಸಿರು ಬಾಣಗಳು, ಎಲ್ಲವೂ ಮೇಲ್ಮುಖ. ಏನು ಮೇಲೆ ಹೋಗುತ್ತಿದೆ ಎಂಬುದು ಮಾತ್ರ ಅವನಿಗೆ ಹನ್ನೊಂದು ತಿಂಗಳಲ್ಲಿ ತಿಳಿದಿರಲಿಲ್ಲ.

"ನನ್ನ ಹೆಂಡತಿ ಫೋನಲ್ಲಿ ಆರನೇ ಪುಟದಲ್ಲಿ ಬರ್ತಾ ಇದೆ ಕಣ್ರೀ."

"ಏನಂತ ಹುಡುಕಿದ್ರು ಸಾರ್ ಮೇಡಮ್ಮು?"

"ಸೂಟ್‌ಕೇಸ್ ರಿಪೇರಿ ಅಂತ."

"ಅಯ್ಯೋ, ಹಾಗೆಲ್ಲ ಹುಡುಕಬಾರದು ಸಾರ್. ತಪ್ಪು. ‘ಎಡಗಡೆ ಚಕ್ರ ಮುರಿದ ನೀಲಿ ಸೂಟ್‌ಕೇಸ್ ರಿಪೇರಿ’ ಅಂತ ಹುಡುಕಿ ಸಾರ್. ಇಡೀ ಊರಿಗೆ ನೀವೇ ನಂಬರ್ ಒನ್ನು!"

ಜಿಪ್ಪಣ್ಣ ರಿಪೇರಿಗೆ ಬಂದಿದ್ದ ಸೂಟ್‌ಕೇಸುಗಳ ಕಡೆ ನೋಡಿದ. "ಕೆಂಪು ಸೂಟ್‌ಕೇಸ್ ಆದ್ರೆ?"

"ಕೆಂಪು ಮುಂದಿನ ಮೂರು ತಿಂಗಳಿಗೆ ಇಟ್ಕೊಂಡಿದೀನಿ ಸಾರ್. ಬಲಗಡೆ ಚಕ್ರ ಅದಾದ ಮೇಲೆ. ಇದೆಲ್ಲ ನಿಧಾನಕ್ಕೆ ಆಗೋ ಕೆಲಸ. ಇವತ್ತು ಸಂಜೆ ತನಕ ನನಗೊಂದು ಆಫರ್ ನಡೀತಿದೆ, ತುಂಬಾ ಬಿಜಿ, ಆಮೇಲೆ ಮಾತಾಡ್ಲಾ ಸಾರ್?" ಎಂದು ಫೋನಿಟ್ಟ.

ಗೋಡೆಗೆ ಕಿವಿ ಇರುತ್ತದೆಯೋ ಇಲ್ಲವೋ, ಪಕ್ಕದ ಜೆರಾಕ್ಸ್ ಅಂಗಡಿಯ ಅಕ್ಕನಿಗೆ ಇತ್ತು. ಕೈಯಲ್ಲಿ ಬಿಸಿಬಿಸಿ ಪ್ರತಿಗಳನ್ನು ಹಿಡಿದುಕೊಂಡೇ ಬಂದಳು.

"ಅವನನ್ನ ಯಾಕೆ ಕೇಳ್ತೀರಿ ಅಣ್ಣಾ? ಕಳ್ಳನ್ನ ಕಳ್ಳತನ ಆಯ್ತಾ ಅಂತ ಕೇಳಿದ ಹಾಗೆ. ಬರೋ ಗಿರಾಕೀನೇ ಕೇಳಿ, ಹೇಗೆ ಬಂದ್ರಿ ಅಂತ. ಒಂದು ಪುಸ್ತಕದಲ್ಲಿ ಬರ್ಕೊಳ್ಳಿ. ಸಂಜೆ ಭಾವನ ಮುಂದೆ ಇಡಿ."

ಮಾತು ಸರಿಯಾಗಿತ್ತು. ಜಿಪ್ಪಣ್ಣ ಹೊಸ ನೋಟ್‌ಬುಕ್ ತೆರೆದು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಕೂತ.

ಮೊದಲು ಬಂದವರು ಶಾಲೆಯಿಂದ ನಿವೃತ್ತರಾದ ಒಬ್ಬ ಮೇಡಮ್ಮು. ಅವರ ಬ್ಯಾಗಿನ ಜಿಪ್ಪನ್ನು ಜಿಪ್ಪಣ್ಣ ಏಳು ಸಲ ರಿಪೇರಿ ಮಾಡಿದ್ದ.

"ಅಮ್ಮಾ, ನಮ್ಮ ಅಂಗಡಿ ನಿಮಗೆ ಹೇಗೆ ಗೊತ್ತಾಯ್ತು?"

ಮೇಡಮ್ಮು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. "ಏನು ಕೇಳಿದೆ?"

"ಅಲ್ಲ, ಇಂಟರ್ನೆಟ್ ನೋಡಿ ಬಂದ್ರಾ ಅಂತ..."

"ಹದಿನೆಂಟು ವರ್ಷದಿಂದ ಬರ್ತಿದೀನಿ. ನೀನು ಇಲ್ಲಿ ಬೋರ್ಡು ಹಾಕೋಕೆ ಮುಂಚೆ ಬಂದವಳು ನಾನು. ನಿನಗೆ ಗುರುತೇ ಸಿಗಲಿಲ್ವಾ? ದೊಡ್ಡೋನಾಗ್ಬಿಟ್ಟೆ ಬಿಡಪ್ಪಾ." ಬ್ಯಾಗನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋಗಿಯೇ ಬಿಟ್ಟರು.

ಎರಡನೆಯವನು ಬಿಸಿಲಿಗೆ ಒಂದು ಗಳಿಗೆ ನೆರಳು ಸಿಗಲಿ ಎಂದು ಬಂದವನು. ಮೂರನೆಯವನು ಬ್ಯಾಂಕು ಎಲ್ಲಿ ಎಂದು ಕೇಳಲು ಬಂದವನು. ನಾಲ್ಕನೆಯವನ ಕೈಯಲ್ಲಿ ಒಳ್ಳೆಯ ಹೊಸ ಸೂಟ್‌ಕೇಸು. ನಂಬರ್ ಲಾಕ್ ತೆಗೆಯಲು ಆಗುತ್ತಿಲ್ಲವಂತೆ. ಜಿಪ್ಪಣ್ಣ ಪೆನ್ನು ತೆಗೆದು, "ಎಲ್ಲಿಂದ ಬಂದ್ರಿ? ಯಾರು ಕಳಿಸಿದ್ರು? ಯಾವತ್ತು ಗೊತ್ತಾಯ್ತು?" ಎಂದು ಕೇಳತೊಡಗಿದ್ದೇ ತಡ, ಆ ಮನುಷ್ಯನ ಮುಖ ಬಿಳಿಚಿಕೊಂಡಿತು. "ಇದು ನಂದೇ ಸೂಟ್‌ಕೇಸು ಸ್ವಾಮಿ, ಆಣೆಗೂ ನಂದೇ," ಎನ್ನುತ್ತ ಹಿಂದಕ್ಕೆ ಸರಿದು, ಮೆಟ್ಟಿಲಿಳಿದು, ತಿರುವಿನಲ್ಲಿ ಮಾಯವಾದ. ಅದು ಅವನದಾಗಿರಲಿಕ್ಕಿಲ್ಲ ಎಂದು ಬೀದಿಯವರು ಇವತ್ತಿಗೂ ಹೇಳುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಹಳಬರು, ದಾರಿ ಕೇಳಿದವರು, ನೆರಳಿಗೆ ಬಂದವರು ಎಲ್ಲರೂ ಇದ್ದರು. ಇಂಟರ್ನೆಟ್ ನೋಡಿ ಬಂದವರ ಸಾಲು ಮಾತ್ರ ಬೋಳಾಗಿತ್ತು.

ಸುದ್ದಿ ಎದುರಿನ ಸಲೂನಿಗೂ ಮುಟ್ಟಿತು. ಸಲೂನಿನವನು ಗಿರಾಕಿಯ ಒಂದು ಕೆನ್ನೆ ಬೋಳಿಸಿ ಇನ್ನೊಂದನ್ನು ಸೋಪಿನಲ್ಲೇ ಬಿಟ್ಟು ಬೀದಿ ದಾಟಿ ಬಂದ. ಗಿರಾಕಿಯೂ ಹೆಗಲ ಮೇಲಿನ ಬಟ್ಟೆ ಸಮೇತ ಹಿಂದೆಯೇ ಬಂದ.

"ಒಂದು ಫೋನ್ ನಂಬ್ಕೊಂಡು ಕೂತ್ರೆ ಆಗುತ್ತಾ ಅಣ್ಣಾ? ಎಲ್ಲರ ಫೋನಲ್ಲೂ ನೋಡ್ಬೇಕು. ತೆಗೀರಿ ಎಲ್ಲರೂ!"

ಜೆರಾಕ್ಸ್ ಅಕ್ಕ ತೆಗೆದಳು, ಅರ್ಧ ಗಡ್ಡದವನು ತೆಗೆದ, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಏನೆಂದು ತಿಳಿಯದೆಯೇ ತೆಗೆದರು. ಕೆಲಸವಿಲ್ಲದ ಕಡೆ ನಮ್ಮ ಜನ ತೋರಿಸುವ ಒಗ್ಗಟ್ಟನ್ನು ಕೆಲಸವಿರುವ ಕಡೆ ತೋರಿಸಿದ್ದರೆ ಲೋಕ ಎಂದೋ ಉದ್ಧಾರವಾಗುತ್ತಿತ್ತು.

"ನಂದರಲ್ಲಿ ಇಲ್ಲ."

"ನಂದರಲ್ಲಿ ಬೆಕ್ಕು ಬಂತು. ಮರಿಗಳು ಮುದ್ದಾಗಿವೆ."

"ಸಿಕ್ತು!" ಎಂದು ಸಲೂನಿನವನು ಕುಪ್ಪಳಿಸಿದ. "ಮೊದಲನೇ ಪುಟ, ಮೊದಲನೇ ಸಾಲು! ಸೂಟ್‌ಕೇಸ್ ರಿಪೇರಿ, ಅರ್ಧ ಗಂಟೆಯಲ್ಲಿ ಗ್ಯಾರಂಟಿ, ಎ.ಸಿ. ಕೋಣೆ, ಹಿಂದಿನ ಬೀದಿ..." ಅಲ್ಲಿಗೆ ಅವನ ದನಿ ಇಳಿಯಿತು. "ಇದು ನೀವಲ್ಲ ಅಲ್ವಾ?"

ಅಲ್ಲ. ಅದು ಹಿಂದಿನ ಬೀದಿಯ ಹೊಸ ಅಂಗಡಿ. ಅಷ್ಟರಲ್ಲಿ ಈ ಗುಂಪಿನ ಹಿಂದೆ, ಹಿಡಿ ಕಿತ್ತುಹೋದ ದೊಡ್ಡ ಸೂಟ್‌ಕೇಸನ್ನು ಮಗುವಿನಂತೆ ಎತ್ತಿಕೊಂಡು ಬೆವರುತ್ತ ನಿಂತಿದ್ದ ದಂಪತಿಗಳು ಪರಸ್ಪರ ಮುಖ ನೋಡಿಕೊಂಡರು. "ಎ.ಸಿ. ಇದೆಯಂತೆ ರೀ," ಎಂದಳು ಹೆಂಡತಿ. ಸಲೂನಿನವನು ಬಹಳ ವಿನಯದಿಂದ ಅವರಿಗೆ ದಾರಿಯನ್ನೂ ತೋರಿಸಿದ.

ಜಿಪ್ಪಣ್ಣ ತಲೆ ಮೇಲೆ ಕೈ ಹೊತ್ತು ಕೂತ. ಕುರ್ಚಿ ಅವನ ಕೆಳಗೆ ಕಿರ್ರೆಂದಿತು. ಗಂಟೆ ಐದಾಗಿತ್ತು.

ಅವನ ಮುಖ ನೋಡಿ ಜೆರಾಕ್ಸ್ ಅಕ್ಕನಿಗೆ ನಿಜವಾಗಿಯೂ ಕರುಳು ಚುರ್ ಎಂದಿತು. "ಒಂದು ಕೆಲಸ ಮಾಡೋಣ ಅಣ್ಣಾ," ಎಂದು ದನಿ ತಗ್ಗಿಸಿದಳು. "ನಮ್ಮ ಯಜಮಾನ್ರ ಆಫೀಸಲ್ಲಿ ಒಬ್ಬರಿದ್ದಾರೆ. ನಿಮ್ಮ ಭಾವ ಅವರನ್ನ ನೋಡೇ ಇಲ್ಲ. ಸರಿಯಾಗಿ ಆರಕ್ಕೆ ಬಂದು, ಇಂಟರ್ನೆಟ್ ನೋಡಿ ಬಂದೆ ಅಂತಾರೆ. ಒಂದೇ ಮಾತು."

"ಸುಳ್ಳಾಗುತ್ತಲ್ಲಮ್ಮಾ?"

"ಆ ಇಪ್ಪತ್ತೆರಡು ಪುಟದ ಮುಂದೆ ಇದೊಂದು ಸಾಲು ಯಾವ ಲೆಕ್ಕ?"

ಜಿಪ್ಪಣ್ಣ ಒಪ್ಪಿದ. ಕುರ್ಚಿ ಆಸೆ ಯಾರನ್ನು ಬಿಟ್ಟಿದೆ.

ಆರಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಭಾವ ಬಂದರು. ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಮೊದಲು ಫ್ಯಾನು ನೋಡಿದರು, ಆಮೇಲೆ ಕುರ್ಚಿ ನೋಡಿದರು, ಕೊನೆಗೆ ಜಿಪ್ಪಣ್ಣನನ್ನು ನೋಡಿದರು. "ಎಲ್ಲಪ್ಪಾ ನಿನ್ನ ಇಂಟರ್ನೆಟ್ ಮನುಷ್ಯ?"

ಆರು ಹೊಡೆಯಿತು. ತೆಳ್ಳಗಿನ ಕನ್ನಡಕದ ಮನುಷ್ಯರೊಬ್ಬರು ಬೋರ್ಡು ನೋಡಿದರು, ಕೈಯಲ್ಲಿದ್ದ ಫೋನು ನೋಡಿದರು, ಮತ್ತೆ ಬೋರ್ಡು ನೋಡಿ ಮೆಟ್ಟಿಲು ಹತ್ತಿದರು. "ಸ್ವಾಮೀ, ಇಂಟರ್ನೆಟ್‌ನಲ್ಲಿ ನಿಮ್ಮ ಅಂಗಡಿ ನೋಡಿ ಬಂದೆ."

ಆಹಾ, ಏನು ಅಭಿನಯ! ಜಿಪ್ಪಣ್ಣ ಭಾವನಿಗೆ ಕಾಣದಂತೆ ಕಣ್ಣು ಹೊಡೆದ. ಆ ಮನುಷ್ಯರು ಗಾಬರಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು.

"ನೀವು... ಇಂಟರ್ನೆಟ್ ನೋಡೇ ಬಂದ್ರಾ?" ಭಾವ ಸ್ಟೂಲಿನಿಂದ ಅರ್ಧ ಎದ್ದರು.

"ಹೌದು ಸಾರ್. ಮೊದಲನೇ ಪುಟ, ಮೊದಲನೇ ಸಾಲು."

ಇಷ್ಟು ಹೇಳಬೇಕಾಗಿರಲಿಲ್ಲ, ಪರವಾಗಿಲ್ಲ, ಎಂದುಕೊಂಡ ಜಿಪ್ಪಣ್ಣ. ಅಷ್ಟರಲ್ಲಿ ಒಬ್ಬ ದಪ್ಪನೆಯ ಹೆಂಗಸು ಬಂದಳು. ಅವಳೂ ಇಂಟರ್ನೆಟ್ ನೋಡಿಯೇ ಬಂದವಳು. ಅವಳ ಹಿಂದೆ ಬಗಲಚೀಲದ ಮೇಷ್ಟ್ರೊಬ್ಬರು, ಅವರ ಹಿಂದೆ ಇನ್ನಿಬ್ಬರು. ಎಲ್ಲರದೂ ಒಂದೇ ಮಾತು. ಅಕ್ಕ ಉಪಕಾರ ಮಾಡಲು ಹೋಗಿ ಅತಿ ಮಾಡಿಬಿಟ್ಟಳಲ್ಲ ಎಂದು ಜಿಪ್ಪಣ್ಣನಿಗೆ ಬೆವರೊಡೆಯಿತು. ಸಿಕ್ಕಿಬಿದ್ದರೆ ಇರುವ ಮಾನವೂ ಹೋಯಿತು.

ಆಗಲೇ ಅಕ್ಕ ಬಾಗಿಲಲ್ಲಿ ಕಾಣಿಸಿಕೊಂಡಳು. ಪ್ರತಿ ಕೊಡುವ ನೆಪದಲ್ಲಿ ಅವನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು: "ನಾನು ಹೇಳಿದ್ದ ಆಫೀಸಿನವರಿಗೆ ಹೊಟ್ಟೆನೋವಂತೆ, ಬರೋದೇ ಇಲ್ವಂತೆ. ಏನು ಮಾಡೋಣ ಈಗ? ಅಲ್ಲಾ, ಇವರೆಲ್ಲ ಯಾರು?"

ಜಿಪ್ಪಣ್ಣನ ಮೈಯೆಲ್ಲ ಜುಮ್ಮೆಂದಿತು. ಇವರು ನಿಜವಾದವರು! ಐದು ಜನ! ಹನ್ನೊಂದು ತಿಂಗಳ ಹಸಿರು ಬಾಣಗಳೆಲ್ಲ ಒಂದೇ ಸಲ ಬಂದು ಅಂಗಡಿಯೊಳಗೆ ನಿಂತಿದ್ದವು. ಕಣ್ಣಲ್ಲಿ ನೀರು ಬಂತು. ಎಸ್‌ಇಒ ಮಹಾಶಯನನ್ನು ಬೆಳಿಗ್ಗೆಯಿಂದ ಬೈದುಕೊಂಡದ್ದಕ್ಕೆಲ್ಲ ಮನಸ್ಸಿನಲ್ಲೇ ಕ್ಷಮೆ ಕೇಳಿದ.

"ಹೇಳಿ ಸಾರ್!" ಎಂದು ಕನ್ನಡಕದವರ ಕೈ ಹಿಡಿದುಕೊಂಡ. "ಏನು ಹೋಗಿದೆ? ಚಕ್ರಾನಾ, ಹಿಡಿನಾ, ಜಿಪ್ಪಾ?"

"ಏನೂ ಹೋಗಿಲ್ಲ. ಹೋಗಬಾರದು ಅಂತಾನೇ ಬಂದಿದೀನಿ." ಅವರು ತಮ್ಮ ಫೋನನ್ನು ಮುಂದೆ ಹಿಡಿದರು. "ಇದು ನೀವೇ ತಾನೇ?"

ಅವನೇ. ಬಗಲಲ್ಲಿ ಸೂಟ್‌ಕೇಸು ಅಪ್ಪಿಕೊಂಡು ಮೂವತ್ತೆರಡೂ ಹಲ್ಲು ಬಿಟ್ಟಿದ್ದ. ಮೊದಲ ದಿನ ಎಸ್‌ಇಒ ಮಹಾಶಯ ತೆಗೆದ ಫೋಟೋ. ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು: "ನಮ್ಮ ಸಂತೃಪ್ತ ಗ್ರಾಹಕ. ನಮ್ಮನ್ನು ಸೇರಿದ ಮೇಲೆ ಗಿರಾಕಿಗಳು ಮೂರು ಪಟ್ಟು!"

"ನಾನು ಹಲ್ಲಿನ ಡಾಕ್ಟರು," ಎಂದರು ಅವರು. "ಆ ಎಸ್‌ಇಒ ಮನುಷ್ಯ ನನ್ನ ಹಿಂದೆ ಬಿದ್ದಿದಾನೆ. ಇವತ್ತು ಸಂಜೆಗೆ ಆಫರ್ ಮುಗಿಯುತ್ತಂತೆ. ಎಸ್‌ಇಒ ನಂಬಬಹುದಾ ಅಂತ ಹುಡುಕಿದೆ. ಎಲ್ಲಕ್ಕಿಂತ ಮೇಲೆ ನಿಮ್ಮ ಮುಖ ಬಂತು. ಸರಿ, ಕೇಳೇ ಬಿಡೋಣ ಅಂತ ಬಂದೆ."

"ನಂದು ಹಾಸಿಗೆ ಅಂಗಡಿ," ಎಂದಳು ದಪ್ಪನೆಯ ಹೆಂಗಸು. "ನಾನೂ ಅದಕ್ಕೇ ಬಂದಿದ್ದು."

"ಲೆಕ್ಕದ ಟ್ಯೂಷನ್ನು," ಎಂದರು ಮೇಷ್ಟ್ರು. "ಮೂರು ಪಟ್ಟು ಅಂದ್ರೆ ನಿಖರವಾಗಿ ಮೂರಾ, ಅಂದಾಜಾ?"

ಉಳಿದಿಬ್ಬರು ಗಂಟಲು ಸರಿಮಾಡಿಕೊಂಡರು. ಹನ್ನೊಂದು ತಿಂಗಳಿಂದ ಮಹಾಶಯ ಕೆಲಸ ಮಾಡಿದ್ದ, ಸುಮ್ಮನೆ ಕೂತಿರಲಿಲ್ಲ. ಜಿಪ್ಪಣ್ಣನನ್ನು ಮೊದಲನೇ ಪುಟಕ್ಕೆ ತಂದೇ ಇದ್ದ. ರಿಪೇರಿಯವನನ್ನಾಗಿ ಅಲ್ಲ, ಬೇರೆ ಹಕ್ಕಿಗಳನ್ನು ಕರೆಯಲು ತನ್ನ ಬಲೆಯ ಮುಂದೆ ಕಟ್ಟಿದ ಗಿಣಿಯನ್ನಾಗಿ.

"ಹೇಳಿ ಯಜಮಾನ್ರೇ," ಎಂದರು ಡಾಕ್ಟರು. "ಫಲಿತಾಂಶ ಬರುತ್ತಾ?"

ಐದು ಜೊತೆ ಕಣ್ಣು ಒಂದು ಕಡೆ, ಭಾವನ ಒಂದು ಜೊತೆ ಇನ್ನೊಂದು ಕಡೆ. ಅತ್ತ ದರಿ, ಇತ್ತ ಪುಲಿ. ಬರುವುದಿಲ್ಲ ಎಂದರೆ ಈ ಐವರು ಬಚಾವ್, ಕುರ್ಚಿ ಹೋಯಿತು. ಬರುತ್ತದೆ ಎಂದರೆ ಕುರ್ಚಿ ಉಳಿಯಿತು, ಈ ಐವರ ಕಥೆ ಮುಗಿಯಿತು. ಜಿಪ್ಪಣ್ಣ ಕೆಟ್ಟವನಲ್ಲ. ಆದರೆ ಒಳಗಿನ ಕೋಣೆಯಲ್ಲಿ ಗಾಳಿ ಇರಲಿಲ್ಲ.

"ನೀವು ಇಲ್ಲಿಗೆ ಹೇಗೆ ಬಂದ್ರಿ ಸಾರ್?" ಎಂದು ಮೆಲ್ಲಗೆ ಕೇಳಿದ.

"ಇಂಟರ್ನೆಟ್ ನೋಡಿ."

"ನೀವಮ್ಮಾ?"

"ಇಂಟರ್ನೆಟ್ಟೇ."

"ಮತ್ತೆ ಇನ್ನೇನು ಹೇಳಲಿ ನಾನು?"

ಐವರ ಮುಖವೂ ಅರಳಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಡಾಕ್ಟರು ಅಲ್ಲೇ ನಿಂತು ಫೋನಿನಲ್ಲಿ ಒಪ್ಪಿಗೆ ಕಳಿಸಿದರು. ಹಾಸಿಗೆಯಾಕೆ ಎರಡು ವರ್ಷಕ್ಕೆ ಒಪ್ಪಿಕೊಂಡಳು. ಮೇಷ್ಟ್ರು ಮೂರರ ವಿಷಯ ಮರೆತು ಫೋನಿನಲ್ಲೇ ಸಹಿ ಹಾಕಿದರು. ಜಿಪ್ಪಣ್ಣ ಎದ್ದು ಅವರನ್ನು ಮೆಟ್ಟಿಲವರೆಗೆ ಕಳಿಸಿಕೊಟ್ಟ. ಯಾರ ಮುಖವನ್ನೂ ನೇರ ನೋಡಲಿಲ್ಲ, ಆದರೂ ಎದೆ ಉಬ್ಬಿತ್ತು. ಭಾವ ಕೇಳಿದ್ದು ಒಬ್ಬನನ್ನು, ಅವನು ತೋರಿಸಿದ್ದು ಐವರನ್ನು.

ತಿರುಗಿ ನೋಡಿದರೆ ಗಲ್ಲಾದ ಹಿಂದೆ, ಫ್ಯಾನಿನ ಕೆಳಗೆ, ಭಾವ ಕುರ್ಚಿಯಲ್ಲಿ ಕೂತಿದ್ದರು.

"ಸೋತೆ ಕಣಪ್ಪಾ," ಎಂದರು ಪ್ರೀತಿಯಿಂದ. "ನೀನು ಹೇಳಿದ್ದೇ ನಿಜ. ಈಗಷ್ಟೇ ಅವನಿಗೆ ಫೋನ್ ಮಾಡಿ ಇನ್ನೂ ಮೂರು ವರ್ಷ ಮುಂದುವರಿಸು ಅಂದೆ."

"ಭಾವಾ, ಕುರ್ಚಿ..."

"ಅದನ್ನೇ ಯೋಚಿಸ್ದೆ ನೋಡು. ಇಷ್ಟು ಜನ ಬಂದ್ರೆ ನೀನೊಬ್ಬನೇ ಏನು ಮಾಡ್ತೀಯ? ನನಗೆ ಇಂಟರ್ನೆಟ್ ಗಂಧ ಗಾಳಿ ಗೊತ್ತಿಲ್ಲ. ಇಂಟರ್ನೆಟ್ ನೋಡಿ ಬಂದೋರೆಲ್ಲ ನಿನ್ನೋರು, ಸೂಟ್‌ಕೇಸ್ ತಂದೋರು ನನ್ನೋರು. ಸೂಟ್‌ಕೇಸ್ ತಂದೋರನ್ನ ನೋಡ್ಕೊಳ್ಳೋನು ಗಲ್ಲಾದಲ್ಲಿ ಇರ್ಬೇಕು ತಾನೇ?"

ಮೂವತ್ನಾಲ್ಕು ವರ್ಷ ಸ್ಟೋರ್ ನೋಡಿಕೊಂಡವರಿಗೆ ಯಾವುದು ಬಂದ ಸಾಮಾನು, ಯಾವುದು ಬರೀ ಕಾಗದ ಎಂದು ಗೊತ್ತಾಗದೆ ಇರುತ್ತದೆಯೇ? ಐವರಲ್ಲಿ ಯಾರ ಕೈಯಲ್ಲೂ ಒಂದು ಸೂಟ್‌ಕೇಸೂ ಇರಲಿಲ್ಲ ಎಂಬುದನ್ನು ಅವರು ಮೊದಲನೇ ನಿಮಿಷದಲ್ಲೇ ಎಣಿಸಿಕೊಂಡಿದ್ದರು.

"ಮತ್ತೆ ರಿಪೇರಿ?" ಎಂದ ಜಿಪ್ಪಣ್ಣ.

"ಅವರೆಲ್ಲ ಹೋದ ಮೇಲೆ ಒಳಗೆ ಕೂತು ಮಾಡು, ಯಾರು ಬೇಡ ಅಂತಾರೆ?" ಭಾವ ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ ಬೀದಿಯ ಕಡೆ ಮುಖ ಮಾಡಿದರು. "ಹೋಗು, ಹೊರಗೆ ಇನ್ನೂ ಮೂವರು ಬಂದು ನಿಂತಿದಾರೆ. ಫಲಿತಾಂಶ ಬರುತ್ತಾ ಅಂತ ಕೇಳ್ತಿದಾರೆ."

ಜಿಪ್ಪಣ್ಣ ಹೊರಗೆ ಹೋಗಿ, ಬರುತ್ತೆ ಎಂದ.